ಪಚ್ಚಿಲೆಗೆ ಹಗ್ಗವೊಂದೇ ಸಾಲದು

ಮಾರುಕಟ್ಟೆಯಲ್ಲಿ ಬಂಗುಡೆ ಕೊಳ್ಳುವವರಿಗೆ ಯಾರೂ ಪಾಠ ಹೇಳಿಕೊಡಬೇಕಿಲ್ಲ. ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡುತ್ತಾರೆ, ಕಣ್ಣು ಗುಳಿಬಿದ್ದಿದೆಯೇ ಎಂದು ಗಮನಿಸುತ್ತಾರೆ, ಹೊಟ್ಟೆ ಒತ್ತಿ ಗಟ್ಟಿಯಿದ್ದರೆ ಚೌಕಾಶಿಗೆ ಇಳಿಯುತ್ತಾರೆ. ಪಚ್ಚಿಲೆಯ ವಿಷಯದಲ್ಲಿ ಈ ಜಾಣತನ ಅರ್ಧದಾರಿಯಲ್ಲೇ ನಿಂತುಬಿಡುತ್ತದೆ. ಚಿಪ್ಪು ಬಿಗಿಯಾಗಿ ಮುಚ್ಚಿದ್ದರೆ ಜೀವವಿದೆ, ಬಾಯಿಬಿಟ್ಟದ್ದು ತಟ್ಟಿದರೂ ಮುಚ್ಚದಿದ್ದರೆ ಸತ್ತಿದೆ, ಅಷ್ಟು ಗೊತ್ತಾಗುತ್ತದೆ. ಅದು ಬೆಳೆದ ನೀರಿನಲ್ಲಿ ಏನಿತ್ತು ಎಂಬುದು ಕಣ್ಣಿಗಾಗಲಿ ಮೂಗಿಗಾಗಲಿ ಸಿಗುವ ಸಂಗತಿಯಲ್ಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಪಚ್ಚಿಲೆ ಎಂದೂ ಉತ್ತರ ಕನ್ನಡದ ಕೆಲವೆಡೆ ನೀಲಿಕಲ್ಲು ಎಂದೂ ಕರೆಯುವ ಈ ಚಿಪ್ಪುಜೀವಿಯನ್ನು ನಮ್ಮ ಅಳಿವೆಗಳಲ್ಲಿ ಬೆಳೆಸಬೇಕೆಂಬ ಮಾತು ಎಷ್ಟೋ ವರ್ಷಗಳಿಂದ ಕೇಳಿಬರುತ್ತಿದೆ. ಬಿದಿರಿಗೆ, ಹಗ್ಗಕ್ಕೆ, ಮರಿಗಳಿಗೆ ಸಹಾಯಧನ ಸಿಗುತ್ತದೆ, ಸ್ವಸಹಾಯ ಸಂಘಗಳಿಗೆ ತರಬೇತಿ ಸಿಗುತ್ತದೆ. ಆ ಪಟ್ಟಿಯಲ್ಲಿ ನೀರಿನ ಪರೀಕ್ಷೆಯ ಸ್ಥಾನ ತೀರ ಕೆಳಗೆ. ಅದನ್ನು ಮೊದಲ ಸಾಲಿಗೆ ತರದೆ ಹಗ್ಗ ಹಂಚುತ್ತ ಹೋದರೆ ಪಚ್ಚಿಲೆ ಈಗ ಇರುವಲ್ಲೇ ಉಳಿಯುತ್ತದೆ ಎಂಬುದು ನನ್ನ ವಾದ.

ಮೊದಲು, ಇಷ್ಟೆಲ್ಲ ತಲೆಕೆಡಿಸಿಕೊಳ್ಳಲು ಪಚ್ಚಿಲೆ ಯೋಗ್ಯವೇ ಎಂಬ ಪ್ರಶ್ನೆ. ಖಂಡಿತ ಯೋಗ್ಯ. ಸಾಕುವ ಪ್ರಾಣಿಗಳಲ್ಲಿ ಮೇವು ಕೇಳದ ಪ್ರಾಣಿ ಬೆರಳೆಣಿಕೆಯಷ್ಟು, ಅವುಗಳಲ್ಲಿ ಇದೊಂದು. ಬಂಡೆಗೋ ಹಗ್ಗಕ್ಕೋ ಅಂಟಿ ಕುಳಿತು ಗಂಟೆಗೆ ಕೆಲವು ಲೀಟರ್ ನೀರನ್ನು ಒಳಗೆಳೆದುಕೊಂಡು, ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು, ಉಳಿದ ನೀರನ್ನು ಹೊರಗೆ ಬಿಡುತ್ತದೆ. ಇದರ ಪಕ್ಕದಲ್ಲಿ ಸಿಗಡಿ ಕೆರೆಯನ್ನೋ ಪಂಜರದ ಮೀನು ಕೃಷಿಯನ್ನೋ ಇಟ್ಟು ನೋಡಿ. ಅಲ್ಲಿ ಖರ್ಚಿನ ದೊಡ್ಡ ಪಾಲು ಮೇವಿಗೆ ಹೋಗುತ್ತದೆ, ಆ ಮೇವಿನಲ್ಲಿ ಮೀನಿನ ಹಿಟ್ಟು ಇರುತ್ತದೆ, ಒಂದು ಕಿಲೊ ಹಿಟ್ಟಿಗೆ ನಾಲ್ಕೈದು ಕಿಲೊ ಮೀನು ಬೇಕು. ಜನ ತಿನ್ನಬಹುದಾಗಿದ್ದ ಬೂತಾಯಿ ನಮ್ಮ ಕರಾವಳಿಯ ಹಿಟ್ಟಿನ ಗಿರಣಿಗಳಿಗೆ ಹೋಗುತ್ತಿರುವುದು ಗುಟ್ಟೇನಲ್ಲ. ಬೂತಾಯಿಯನ್ನೇ ನಂಬಿಕೊಂಡು ಕೂರುವುದೂ ಆಗದು. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,300 ಟನ್ನಿನ ಆಸುಪಾಸಿಗೆ ಕುಸಿದಿತ್ತು. ಸಮುದ್ರ ಕೊಟ್ಟಾಗ ಉಂಡು, ಕೊಡದಿದ್ದಾಗ ಸಾಲ ಮಾಡುವ ಮನೆಗಳಿಗೆ ಮೇವು ಬೇಡದ ಬೆಳೆಯೊಂದು ಅಳಿವೆಯಲ್ಲೇ ಸಿಕ್ಕರೆ ಅದು ಸಣ್ಣ ಆಸರೆಯಲ್ಲ.

ಪೌಷ್ಟಿಕತೆಯ ಲೆಕ್ಕವೂ ಹಗುರವಾದದ್ದಲ್ಲ. ಯುರೋಪ್, ಅಮೆರಿಕಗಳಲ್ಲಿ ತಿನ್ನುವ ನೀಲಿ ಜಾತಿಯ ಹಸಿ ಮಾಂಸದ 100 ಗ್ರಾಂನಲ್ಲಿ ಸುಮಾರು 12 ಗ್ರಾಂ ಪ್ರೊಟೀನ್, ಸುಮಾರು 4 ಮಿಲಿಗ್ರಾಂ ಕಬ್ಬಿಣ, 12 ಮೈಕ್ರೊಗ್ರಾಂನಷ್ಟು ಬಿ12 ಜೀವಸತ್ವ ಇರುತ್ತದೆಂದು ಅಲ್ಲಿನ ಆಹಾರ ಕೋಷ್ಟಕಗಳು ಹೇಳುತ್ತವೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಬಿ12 ಎರಡೂವರೆ ಮೈಕ್ರೊಗ್ರಾಂ ಒಳಗೆ. ಕೋಳಿಮಾಂಸದ ಕಬ್ಬಿಣ ಇದರ ಕಾಲುಭಾಗದಷ್ಟು. ನಮ್ಮ ಹಸಿರು ಪಚ್ಚಿಲೆ ಬೇರೆ ಜಾತಿಯದಾದ್ದರಿಂದ ಅಂಕಿಗಳು ಸ್ವಲ್ಪ ಆಚೀಚೆ ಆಗಬಹುದು, ಆದರೆ ಚಿತ್ರ ಬದಲಾಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ತಿನ್ನುವ ಅಭ್ಯಾಸ ಇರುವ ಮನೆಗಳಲ್ಲಿ ತೆಂಗಿನಕಾಯಿ ಹಾಕಿ ಮಾಡಿದ ಒಂದು ಬಟ್ಟಲು ಪಚ್ಚಿಲೆ ಸುಕ್ಕ, ಜೊತೆಗೆ ನಾಲ್ಕು ಪುಂಡಿ, ಮಾತ್ರೆಯ ಪಟ್ಟಿಗಿಂತ ಸುಲಭವಾಗಿ ಗಂಟಲಿಳಿಯುತ್ತದೆ. (ಚಿಪ್ಪುಜೀವಿಗಳ ಅಲರ್ಜಿ ಇರುವವರು ಇದರಿಂದ ದೂರವಿರಬೇಕು, ಅದು ಬೇರೆ ಮಾತು.)

ಬೆಳೆಸುವ ವಿಧಾನ ಸರಳ. ನವೆಂಬರ್–ಡಿಸೆಂಬರಿನಲ್ಲಿ, ಮಳೆಯ ಸಿಹಿನೀರು ಹಿಂದೆ ಸರಿದು ಅಳಿವೆಗೆ ಉಪ್ಪು ಏರಿದ ಮೇಲೆ, ಬಂಡೆಗಳಿಂದ ಬೆರಳಿನ ಗಿಣ್ಣಿನಷ್ಟು ದೊಡ್ಡ ಮರಿಗಳನ್ನು ತರುತ್ತಾರೆ. ಹಗ್ಗವನ್ನು ನಡುವೆ ಚಾಚಿ, ಸುತ್ತ ಮರಿಗಳನ್ನು ಹರಡಿ, ತೆಳು ಹತ್ತಿಯ ಬಲೆಬಟ್ಟೆಯನ್ನು ಉದ್ದಕ್ಕೂ ಸುತ್ತಿ ಹೊಲಿದು, ಅಳಿವೆಯಲ್ಲಿ ನೆಟ್ಟ ಬಿದಿರಿನ ಚಪ್ಪರದಿಂದ ಇಳಿಬಿಡುತ್ತಾರೆ. ನೀರೊಳಗೆ ಮರಿ ತನ್ನ ನಾಲಗೆಯಂಥ ಪಾದವನ್ನು ಹೊರಚಾಚಿ ಹಗ್ಗವನ್ನು ತಡವುತ್ತದೆ, ಪಾದದ ಬುಡದಿಂದ ಅಂಟುದ್ರವ ಒಸರಿ ನೂಲಾಗಿ ಗಟ್ಟಿಯಾಗುತ್ತದೆ, ಒಂದರ ಪಕ್ಕ ಇನ್ನೊಂದು ಎಂದು ಹತ್ತಾರು ನೂಲು ಬಿಗಿದುಕೊಂಡು ಕುಳಿತುಬಿಡುತ್ತದೆ. ಅಡುಗೆಮನೆಯಲ್ಲಿ ಕಿತ್ತೆಸೆಯುವ ಗಡ್ಡ ಇದೇ. ಅಷ್ಟರಲ್ಲಿ ಬಟ್ಟೆ ಕೊಳೆತು ಕಳಚಿಹೋಗುತ್ತದೆ. ಐದಾರು ತಿಂಗಳಲ್ಲಿ ಚಿಪ್ಪು ಆರರಿಂದ ಎಂಟು ಸೆಂಟಿಮೀಟರ್ ಬೆಳೆಯುತ್ತದೆ. ಜೂನ್ ಮಳೆ ಅಳಿವೆಯನ್ನು ಸಿಹಿ ಮಾಡುವ ಮೊದಲೇ ಹಗ್ಗ ಎಳೆದುಬಿಡಬೇಕು, ತಡವಾದರೆ ಇಡೀ ಬೆಳೆ ಸತ್ತುಹೋಗುತ್ತದೆ. ಸದಾ ನೀರಿನಲ್ಲೇ ತೂಗುವ ಹಗ್ಗದ ಪಚ್ಚಿಲೆಗೆ ಇಳಿತದ ಹೊತ್ತಿನ ಉಪವಾಸವಿಲ್ಲ, ಹಾಗಾಗಿ ಬಂಡೆಯ ಪಚ್ಚಿಲೆಗಿಂತ ಅದರೊಳಗೆ ಮಾಂಸ ತುಂಬಿರುತ್ತದೆ. ಅಲೆ ಅಪ್ಪಳಿಸುವ ಬಂಡೆಯ ಬುಡದಲ್ಲಿ ಮುಳುಗಿ ಉಳಿಯಿಂದ ಕೀಳುವ ಅಪಾಯವೂ ಅಷ್ಟರಮಟ್ಟಿಗೆ ಕಡಿಮೆ.

ಈ ತಂತ್ರವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1970ರ ದಶಕದಲ್ಲೇ ರೂಪಿಸಿತ್ತು. ಅದು ಜನರ ಕೈಗೆ ಬಂದದ್ದು ಎರಡು ದಶಕಗಳ ಮೇಲೆ, ನಮ್ಮ ಗಡಿಯಾಚೆಯ ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆ. ಮಹಿಳೆಯರ ಸ್ವಸಹಾಯ ಗುಂಪುಗಳು ಸಾಲ, ಸಹಾಯಧನ ಪಡೆದು ಹಿನ್ನೀರಿಗಿಳಿದವು. 2000ದ ದಶಕದ ಕೊನೆಯ ಹೊತ್ತಿಗೆ ಕೇರಳದ ಪಚ್ಚಿಲೆ ಕೃಷಿ ವರ್ಷಕ್ಕೆ 15 ಸಾವಿರ ಟನ್ ದಾಟಿತ್ತು. ಆ ಯಶಸ್ಸಿನ ಹಿಂದೆ ಹಿನ್ನೀರು, ಮರಿ, ಸಾಲಗಳ ಜೊತೆ ಇನ್ನೊಂದು ದೊಡ್ಡ ಕಾರಣವಿತ್ತು. ಮಲಬಾರಿನಲ್ಲಿ ಪಚ್ಚಿಲೆ ಹಬ್ಬದೂಟದ ತಿನಿಸು, ಅಕ್ಕಿಹಿಟ್ಟು ತುಂಬಿ ಬೇಯಿಸಿ ಹುರಿಯುವ ಅರಿಕಡುಕ್ಕಕ್ಕೆ ಅಂಗಡಿಗಳಲ್ಲಿ ಜನ ಕಾಯುತ್ತಾರೆ. ಕೊಳ್ಳುವವರು ಮೊದಲೇ ಇದ್ದರು, ಬೆಳೆಯುವವರು ಆಮೇಲೆ ಬಂದರು. ಮೂಲ್ಕಿಯ ಅಳಿವೆಯಲ್ಲಿ ಇದೇ ಸಂಸ್ಥೆಯ ವಿಜ್ಞಾನಿಗಳು ಇದೇ ವಿಧಾನ ಮಾಡಿ ತೋರಿಸಿದರು, ಪಚ್ಚಿಲೆ ಚೆನ್ನಾಗಿಯೇ ಬೆಳೆಯಿತು. ಇಲ್ಲಿ ಮಾತ್ರ ಅಂಥ ಗಿರಾಕಿ ತಾನಾಗಿ ಬಾಗಿಲಿಗೆ ಬರುವುದಿಲ್ಲ. ತಿನ್ನುವವರಲ್ಲೂ ಅನೇಕರು ಪರಿಚಯದವರು ಗುರುತಿನ ಬಂಡೆಯಿಂದ ಕಿತ್ತು ತಂದದ್ದನ್ನಷ್ಟೇ ನಂಬುತ್ತಾರೆ. ಹೋಟೆಲಿನವರು ಹಿಂಜರಿಯುತ್ತಾರೆ, ಒಳನಾಡಿನವರಿಗಂತೂ ಇದು ಗೊತ್ತೇ ಇಲ್ಲ. ಈ ಹಿಂಜರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ನನಗದು ವಿವೇಕವೆನಿಸುತ್ತದೆ.

ಯಾಕೆಂದರೆ ಚಿಪ್ಪುಜೀವಿ ಸಾವು ತಂದ ಉದಾಹರಣೆಗಳು ನಮ್ಮ ಸುತ್ತಲೇ ಇವೆ. ಸಮುದ್ರದಲ್ಲಿ ಕೆಲವು ಬಗೆಯ ಸೂಕ್ಷ್ಮ ಪಾಚಿಗಳು ಒಮ್ಮೊಮ್ಮೆ ವಿಪರೀತ ಹೆಚ್ಚಿ ನರಮಂಡಲಕ್ಕೆ ಹೊಡೆಯುವ ವಿಷ ತಯಾರಿಸುತ್ತವೆ. ಸೋಸಿ ತಿನ್ನುವ ಪಚ್ಚಿಲೆ, ಮರುವಾಯಿಗಳ ಮಾಂಸದಲ್ಲಿ ಅದು ಶೇಖರವಾಗುತ್ತದೆ, ಅವುಗಳಿಗೆ ಮಾತ್ರ ಏನೂ ಆಗುವುದಿಲ್ಲ. ತಿಂದವರಿಗೆ ಸ್ವಲ್ಪ ಹೊತ್ತಿನಲ್ಲೇ ತುಟಿ, ನಾಲಗೆ ಜುಮ್ಮೆನ್ನುತ್ತದೆ, ಮರಗಟ್ಟುತ್ತದೆ, ವಿಷ ಹೆಚ್ಚಿದ್ದರೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಪ್ರತಿಮದ್ದಿಲ್ಲ, ಕೃತಕ ಉಸಿರಾಟ ಕೊಟ್ಟು ಕಾಯುವುದೊಂದೇ ದಾರಿ. ಎಷ್ಟು ಕುದಿಸಿದರೂ ಎಷ್ಟು ಮಸಾಲೆ ಹಾಕಿದರೂ ಈ ವಿಷವನ್ನು ಕಳೆಯಲಾಗದು. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆ ಅಳಿವೆಯ ಚಿಪ್ಪುಜೀವಿ ತಿಂದವರಿಗೆ ಹೀಗಾದದ್ದನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ದಾಖಲಿಸಿದ್ದಾರೆ. 1997ರ ಸೆಪ್ಟೆಂಬರಿನಲ್ಲಿ ತಿರುವನಂತಪುರದ ಬಳಿಯ ವಿಳಿಂಜಂನಲ್ಲಿ ಕಂದು ಪಚ್ಚಿಲೆ ತಿಂದು ಏಳು ಮಂದಿ ಸತ್ತರು, ಸುಮಾರು 500 ಮಂದಿ ಆಸ್ಪತ್ರೆ ಸೇರಿದರು. ಅಂಥ ಘಟನೆ ಅಪರೂಪ ಎಂಬುದು ನಿಜ. ನಮ್ಮ ಕೃಷಿಯ ಕಾಲ ಡಿಸೆಂಬರಿನಿಂದ ಮೇವರೆಗೆ, ವಿಳಿಂಜಂನ ಸಾವುಗಳು ನಡೆದ ಮಳೆಗಾಲದ ಕೊನೆಯ ಅವಧಿಯನ್ನು ಅದು ತಪ್ಪಿಸುತ್ತದೆ ಎಂಬುದೂ ನಿಜ. ಆದರೆ ಕ್ಯಾಲೆಂಡರನ್ನು ನಂಬಿ ಸಾವಿರಾರು ಜನರಿಗೆ ಊಟ ಬಡಿಸಲಾಗದು.

ಇಲ್ಲಿಗೆ ಬಂದ ಮೇಲೆ ಹಲವರು ಹೇಳುವುದು ಇಷ್ಟೇ: ಇಂಥ ಅಪಾಯದ ಪದಾರ್ಥ ಯಾಕೆ ಬೇಕು, ಬಿಟ್ಟುಬಿಡಿ. ಬಿಡುವುದು ಒಂದು ದಾರಿ, ಆದರೆ ಪಚ್ಚಿಲೆ ತಿನ್ನುವ ನಾಡುಗಳು ಹಾಗೆ ಮಾಡಲಿಲ್ಲ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದು 1987ರ ಕೊನೆಯಲ್ಲಿ ನೂರಕ್ಕೂ ಹೆಚ್ಚು ಜನ ಕಾಯಿಲೆಬಿದ್ದರು, ಕೆಲವರು ಸತ್ತರು, ಬದುಕುಳಿದ ಕೆಲವರ ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಯಿತು. ಡೊಮೊಯಿಕ್ ಆಮ್ಲ ಎಂಬ ಆ ವಿಷ ಚಿಪ್ಪುಜೀವಿಯಲ್ಲಿ ಇರಬಹುದೆಂಬುದೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ವಿಜ್ಞಾನಿಗಳು ಅದನ್ನು ಬೇಗನೆ ಪತ್ತೆಹಚ್ಚಿದರು, ಸರ್ಕಾರ ಕೊಯ್ಲು ನಿಲ್ಲಿಸಿತು, ಮಿತಿ ನಿಗದಿ ಮಾಡಿತು, ನಿಯತ ಪರೀಕ್ಷೆಯನ್ನು ಕಾಯಂ ಮಾಡಿತು. ಇವತ್ತು ಕೆನಡಾದ ಬಹುಪಾಲು ಪಚ್ಚಿಲೆ ಬರುವುದು ಅದೇ ದ್ವೀಪದಿಂದ. ಕ್ಯಾಲಿಫೋರ್ನಿಯಾ ಇನ್ನೊಂದು ಬಗೆಯ ಪಾಠ ಹೇಳುತ್ತದೆ. ಅಲ್ಲಿ ಪ್ರತಿ ವರ್ಷ ಮೇ 1ರಿಂದ ಅಕ್ಟೋಬರ್ 31ರವರೆಗೆ ಯಾರೂ ತಿನ್ನಲೆಂದು ಬಂಡೆಯ ಪಚ್ಚಿಲೆ ಕೀಳುವಂತಿಲ್ಲ, ಪರೀಕ್ಷೆಗೆ ಒಳಪಟ್ಟ ಕೃಷಿಕರು ಮಾತ್ರ ಮಾರಬಹುದು. ಬಂಡೆಯದು ನೈಸರ್ಗಿಕ, ಹಾಗಾಗಿ ಶುದ್ಧ, ಬೆಳೆಸಿದ್ದು ಅನುಮಾನಾಸ್ಪದ ಎಂದು ನಾವು ಎಣಿಸುತ್ತೇವಲ್ಲ, ಅಲ್ಲಿನ ಕಾನೂನು ಅದನ್ನು ತಲೆಕೆಳಗು ಮಾಡುತ್ತದೆ. ಬೆಳೆಸಿದ್ದಕ್ಕೆ ವಿಳಾಸವಿದೆ, ಯಾವ ಹಗ್ಗ, ಯಾವ ನೀರು, ಯಾವ ದಿನ ಎಂದು ಕೇಳಬಹುದು.

ವಿಷಕಾರಿ ಪಾಚಿ ಅಪರೂಪದ ಅತಿಥಿ, ಚರಂಡಿ ನೀರು ನಿತ್ಯದ್ದು. ಊರಿನ ಕೊಳಚೆ, ಮೀನು ಶೀತಲಘಟಕಗಳ ತ್ಯಾಜ್ಯ, ಮಳೆಯಲ್ಲಿ ತೊಳೆದುಬರುವ ಹೊಲಸು ಎಲ್ಲ ಸೇರುವುದು ಅಳಿವೆಗೆ, ಪಚ್ಚಿಲೆ ಅದರಲ್ಲಿನ ಬ್ಯಾಕ್ಟೀರಿಯವನ್ನೂ ವೈರಸನ್ನೂ ಸೋಸಿ ಇಟ್ಟುಕೊಳ್ಳುತ್ತದೆ. ಯುರೋಪಿನವರು ಇದಕ್ಕೆ ಮಾಡಿಕೊಂಡ ವ್ಯವಸ್ಥೆ ಅನುಕರಣೀಯ. ಚಿಪ್ಪುಜೀವಿ ಬೆಳೆಯುವ ಪ್ರತಿ ನೀರಿನ ಹರವಿಗೂ ಒಂದು ದರ್ಜೆ ಕೊಡುತ್ತಾರೆ. 100 ಗ್ರಾಂ ಮಾಂಸದಲ್ಲಿ ಸಿಗುವ ಇ-ಕೋಲೈ ಬ್ಯಾಕ್ಟೀರಿಯದ ಎಣಿಕೆ ಹೆಚ್ಚಿನ ಮಾದರಿಗಳಲ್ಲಿ 230ನ್ನು ಮೀರದಿದ್ದರೆ ಅದು ‘ಎ’ ದರ್ಜೆ, ನೇರ ಮಾರಾಟಕ್ಕೆ ಸರಿ. 4,600ರವರೆಗೆ ‘ಬಿ’ ದರ್ಜೆ, ಅಲ್ಲಿಯ ಬೆಳೆಯನ್ನು ಶುದ್ಧ ಸಮುದ್ರದ ನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಇಟ್ಟು ಹೊಟ್ಟೆ ತೊಳೆಸಿ ಮಾರಬೇಕು, ಇಲ್ಲವೇ ಕಾರ್ಖಾನೆಯಲ್ಲಿ ಬೇಯಿಸಬೇಕು. ಅದಕ್ಕೂ ಮೇಲಿನ ‘ಸಿ’ ದರ್ಜೆಯ ಬೆಳೆಯನ್ನು ತಿಂಗಳುಗಟ್ಟಲೆ ಶುದ್ಧ ನೀರಿಗೆ ಸ್ಥಳಾಂತರಿಸಬೇಕು, ಇಲ್ಲವೇ ಕಾರ್ಖಾನೆಯಲ್ಲಿ ಬೇಯಿಸಬೇಕು. ಇದರಲ್ಲಿ ಮೆಚ್ಚಬೇಕಾದ್ದು ಕಟ್ಟುನಿಟ್ಟಿಗಿಂತ ಅದರ ಹೊಂದಾಣಿಕೆ. ನೀರು ಸ್ವಲ್ಪ ಕೊಳೆಯಾದ ಮಾತ್ರಕ್ಕೆ ಕೃಷಿಕನ ಬಾಯಿಗೆ ಮಣ್ಣು ಬೀಳುವುದಿಲ್ಲ, ಒಂದು ಹೆಚ್ಚಿನ ಕೆಲಸ ಸೇರುತ್ತದೆ ಅಷ್ಟೆ. ತೊಟ್ಟಿಯ ಶುದ್ಧೀಕರಣಕ್ಕೂ ಮಿತಿಯಿದೆ. ಬ್ಯಾಕ್ಟೀರಿಯ ಹೋಗುತ್ತದೆ, ವೈರಸ್ ಅಷ್ಟು ಸಲೀಸಾಗಿ ಹೋಗದು, ಪಾಚಿಯ ವಿಷವೂ ಸೀಸ, ಕ್ಯಾಡ್ಮಿಯಂನಂಥ ಲೋಹವೂ ಎರಡು ದಿನದಲ್ಲಿ ಹೋಗುವುದಿಲ್ಲ. ಹಾಗಾಗಿ ಮಂಗಳೂರಿನಂಥ ನಗರ, ಕಾರ್ಖಾನೆಗಳ ಮಗ್ಗುಲಿನ ಅಳಿವೆಯನ್ನೂ ಅಘನಾಶಿನಿಯಂಥ ಅಳಿವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಎಲ್ಲಿ ಹಗ್ಗ ಇಳಿಬಿಡಬಾರದು ಎಂದು ಮೊದಲೇ ಹೇಳುವುದೇ ದರ್ಜೆಯ ಮುಖ್ಯ ಉಪಯೋಗ.

ಖರ್ಚಿನ ಮಾತು ಬಂದೇ ಬರುತ್ತದೆ. ನಾಲ್ಕು ಹೆಂಗಸರು ಸೇರಿ ಮಾಡುವ ಕೃಷಿಗೆ ಪ್ರಯೋಗಾಲಯದ ಭಾರ ಹೊರಿಸಿದರೆ ಅದು ಮುಳುಗಿಹೋಗುತ್ತದೆ, ಕೊನೆಗೆ ದೊಡ್ಡ ಕಂಪನಿಗಳಷ್ಟೇ ಉಳಿಯುತ್ತವೆ ಎಂಬ ಆಕ್ಷೇಪ ಗಟ್ಟಿಯಾದದ್ದು. ಬೆಳೆಗಾರರ ತಲೆಗೆ ಕಟ್ಟಿದರೆ ಹಾಗೆಯೇ ಆಗುತ್ತದೆ. ಆದರೆ ದರ್ಜೆ ಕೊಡುವುದು ನೀರಿಗೆ, ಪ್ರತಿ ಹಗ್ಗಕ್ಕಲ್ಲ. ಒಂದು ಅಳಿವೆಯ ನಾಲ್ಕೈದು ಆಯಕಟ್ಟಿನ ಜಾಗಗಳ ಮಾದರಿ ಅಲ್ಲಿನ ಎಲ್ಲ ಗುಂಪುಗಳಿಗೂ ಸಲ್ಲುತ್ತದೆ. ಅಳಿವೆ ಸಾರ್ವಜನಿಕ ಆಸ್ತಿ, ಅದನ್ನು ಕೆಡಿಸುವವರು ಬೆಳೆಗಾರರಲ್ಲ, ಹಾಗಿರುವಾಗ ಅದರ ಪರೀಕ್ಷೆಯ ಬಿಲ್ಲನ್ನು ಅವರಿಗೆ ಕಳಿಸುವುದರಲ್ಲಿ ನ್ಯಾಯವೂ ಇಲ್ಲ. ಬೇಕಾದ ಪರಿಣತಿಗೆ ದೂರ ಹೋಗಬೇಕಿಲ್ಲ. ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿದೆ, ಸಾಗರ ಮೀನುಗಾರಿಕಾ ಸಂಸ್ಥೆಯ ಕೇಂದ್ರಗಳು ಮಂಗಳೂರಿನಲ್ಲೂ ಕಾರವಾರದಲ್ಲೂ ಇವೆ, ಸಮುದ್ರೋತ್ಪನ್ನ ರಫ್ತಿಗಾಗಿ ಸೂಕ್ಷ್ಮಜೀವಿ, ಲೋಹಗಳ ಪರೀಕ್ಷೆ ಮಾಡುವ ಪ್ರಯೋಗಾಲಯಗಳ ಪರಿಪಾಟವೂ ದೇಶದಲ್ಲಿ ಇದೆ. ಹೊರದೇಶದವರ ತಟ್ಟೆಗೆ ಹೋಗುವ ಸಿಗಡಿಗೆ ಅಷ್ಟು ಎಚ್ಚರ ವಹಿಸಬಲ್ಲ ನಾವು ಉಳ್ಳಾಲದ, ಬೈಂದೂರಿನ, ಹೊನ್ನಾವರದ ಊಟಕ್ಕೆ ಅದೇ ಎಚ್ಚರವನ್ನು ದುಬಾರಿ ಅನ್ನುವುದು ಸರಿಯಲ್ಲ. ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆ 2020ರಿಂದ ಚಿಪ್ಪುಜೀವಿ ಕೃಷಿಗೆ ಸಾಮಾನ್ಯರಿಗೆ ಶೇ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ 60 ಸಹಾಯಧನ ಕೊಡುತ್ತಿದೆ. ಹಗ್ಗ, ಬಿದಿರಿಗೆ ತೆಗೆದಿಟ್ಟ ಹಣದ ಜೊತೆಗೇ ಆ ಅಳಿವೆಯ ಮಾದರಿ ಪರೀಕ್ಷೆಗೂ ತೆಗೆದಿಡಬೇಕು, ದರ್ಜೆ ಸಿಗದ ಜಾಗಕ್ಕೆ ಸಹಾಯಧನ ಬಿಡುಗಡೆ ಮಾಡಬಾರದು.

ಲಾಭ ಹಗ್ಗದವರಿಗಷ್ಟೇ ಅಲ್ಲ ಎಂಬುದನ್ನೂ ಗಮನಿಸಬೇಕು. ನಮ್ಮಲ್ಲಿ ಚಿಪ್ಪುಜೀವಿಯಿಂದ ಬದುಕುವವರಲ್ಲಿ ಹೆಚ್ಚಿನವರು ಕೃಷಿಕರೇ ಅಲ್ಲ, ಇಳಿತದಲ್ಲಿ ಕೆಸರಿಗಿಳಿದು ಬಳಚು, ಮರುವಾಯಿ ಹೆಕ್ಕುವವರು. ಅಘನಾಶಿನಿ ಅಳಿವೆಯೊಂದರಲ್ಲೇ ವರ್ಷಕ್ಕೆ 22 ಸಾವಿರ ಟನ್ನಿನಷ್ಟು ಚಿಪ್ಪುಜೀವಿ ಸಿಗುತ್ತಿತ್ತೆಂದೂ ಎರಡು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ತೊಡಗಿದ್ದರೆಂದೂ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಅಂದಾಜಿಸಿತ್ತು. ಆ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿದೆ, ಬುಟ್ಟಿ ಹೊತ್ತು ಸಂತೆಗೆ ಹೋಗುವವರ ಮಾಲಿಗೆ ಯಾವ ಮಾನ್ಯತೆಯೂ ಇಲ್ಲ. ಒಂದು ದರ್ಜೆಪತ್ರ ಇದ್ದರೆ ಅದೇ ಮಾಲು ಹುಬ್ಬಳ್ಳಿ, ಬೆಂಗಳೂರಿನ ಹೋಟೆಲುಗಳ ಬಾಗಿಲು ತಟ್ಟಬಹುದು. ಅದಕ್ಕಿಂತ ಮುಖ್ಯವಾಗಿ, ಅಳಿವೆಗೆ ಕೊಳಚೆ ಬಿಡುವ ಪುರಸಭೆಯ ಎದುರು ಇಡಲು ಅವರ ಕೈಯಲ್ಲಿ ಒಂದು ಅಂಕಿ ಇರುತ್ತದೆ. ಅಮೆರಿಕದಲ್ಲಿ 1986ರಿಂದ ಕರಾವಳಿಯ ಮಾಲಿನ್ಯ ಅಳೆಯಲು ಪಚ್ಚಿಲೆ, ಸಿಂಪಿಗಳನ್ನೇ ಬಳಸುತ್ತಿದ್ದಾರೆ. ನಮ್ಮಲ್ಲೂ ನೀರು ‘ಎ’ಯಿಂದ ‘ಬಿ’ಗೆ ಇಳಿದ ದಿನ ನಷ್ಟ ಯಾರಿಗೆ, ಎಷ್ಟು ಎಂದು ಹೇಳಲು ಬರುವಂತಾಗಬೇಕು.

ಪಚ್ಚಿಲೆಯ ಪರವಾಗಿ ಕೇಳಿಬರುವ ಎಲ್ಲ ಮಾತನ್ನೂ ಒಪ್ಪಬೇಕಿಲ್ಲ. ಚಿಪ್ಪಿನಲ್ಲಿ ಇಂಗಾಲ ಕಟ್ಟಿಹಾಕಿ ಹವಾಮಾನ ಉಳಿಸುತ್ತದೆ ಎನ್ನುವುದು ಅಂಥ ಒಂದು. ಸಮುದ್ರದ ನೀರಿನಲ್ಲಿ ಸುಣ್ಣದ ಚಿಪ್ಪು ಕಟ್ಟುವ ಕ್ರಿಯೆಯೇ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ, ಹಾಗಾಗಿ ಆ ಲೆಕ್ಕ ನಿಲ್ಲುವುದಿಲ್ಲ. ಮೇವು ಬೇಡ ಎಂಬ ಒಂದು ಗುಣವೇ ಸಾಕು. ನೀರನ್ನು ಶುದ್ಧ ಮಾಡುತ್ತದೆ ಎಂಬುದೂ ಅರ್ಧಸತ್ಯ. ಸೋಸಿದ್ದರಲ್ಲಿ ಬೇಡದ್ದು ಹಿಕ್ಕೆಯಾಗಿ ತಳಕ್ಕೆ ಬೀಳುತ್ತದೆ, ಹರಿವು ಕಡಿಮೆಯಿರುವ ಕಡೆ ಚಪ್ಪರಗಳು ಒತ್ತೊತ್ತಾದರೆ ತಳದ ಕೆಸರು ಕೊಳೆಯುತ್ತದೆ, ತೇಲುವ ಪಾಚಿ ಎಲ್ಲರಿಗೂ ಸಾಲದೆ ಚಿಪ್ಪಿನೊಳಗಿನ ಮಾಂಸ ಸೊರಗುತ್ತದೆ. ದೋಣಿಯ ದಾರಿಗೂ ಬಲೆ ಬೀಸುವವರಿಗೂ ಅಡ್ಡವಾಗುತ್ತದೆ. ಮರಿಗಳನ್ನು ಬಂಡೆಯಿಂದ ಕೆರೆದು ತರುವುದಂತೂ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ. ಬಂಡೆಯ ಪಚ್ಚಿಲೆಯನ್ನೇ ನಂಬಿದವರ ನಾಳೆಯ ಸಂಪಾದನೆಯನ್ನು ಇವತ್ತು ಹಗ್ಗಕ್ಕೆ ಕಟ್ಟಿದಂತೆ ಅದು. ಮರಿ ಉತ್ಪಾದನಾ ಕೇಂದ್ರದ ತಂತ್ರ ಇದೆ, ಅಗ್ಗವಲ್ಲ. ಅದು ಬರುವವರೆಗೆ ಯಾವ ಬಂಡೆಯಿಂದ ಎಷ್ಟು ಎಂಬುದನ್ನು ಎರಡೂ ಕಡೆಯವರು ಕೂತು ನಿರ್ಧರಿಸಬೇಕು. ಅಂಥ ಒಪ್ಪಂದ ನಮ್ಮ ಜನರಿಂದ ಆಗದ ಕೆಲಸವಲ್ಲ. ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ಮರುವಾಯಿ ಹೆಕ್ಕುವವರು ಅವು ಮೊಟ್ಟೆಯಿಡುವ ಕಾಲದಲ್ಲಿ ಕೆಲಸ ನಿಲ್ಲಿಸಿ, ಸಣ್ಣ ಗಾತ್ರದವನ್ನು ಬಿಟ್ಟು ನಡೆದುಕೊಂಡದ್ದಕ್ಕೆ 2014ರಲ್ಲಿ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಪಡೆದರು, ಭಾರತದ ಮೀನುಗಾರಿಕೆಗೆ ಅದು ಮೊದಲನೆಯದು.

ಇನ್ನು, ಕರ್ನಾಟಕದ ಹೆಚ್ಚಿನವರು ಇದನ್ನು ತಿನ್ನುವುದೇ ಇಲ್ಲ, ಮಾರುಕಟ್ಟೆ ಎಲ್ಲಿ ಎಂಬ ಮಾತು. ತಿನ್ನದವರಿಗೆ ತಿನ್ನಿಸುವ ಆಂದೋಲನ ಬೇಕಾಗಿಲ್ಲ. ಇತ್ತ ಕೇರಳ, ಅತ್ತ ಗೋವಾ, ನಡುವೆ ಮೂರು ಜಿಲ್ಲೆಗಳ ಮೀನೂಟದ ಮನೆಗಳು. ಈಗ ಬೆಳೆಯುವುದರ ಎಷ್ಟೋ ಪಟ್ಟನ್ನು ಇವೇ ಕೊಳ್ಳಬಲ್ಲವು, ಕೊಳ್ಳಲು ಧೈರ್ಯ ಬರಬೇಕು ಅಷ್ಟೆ.

ಹಾಗಾದರೆ ಎಲ್ಲಿಂದ ಶುರುಮಾಡುವುದು? ಒಂದೇ ಸಲ ಇಡೀ ಕರಾವಳಿ ಬೇಡ. ಈಗಾಗಲೇ ಪಚ್ಚಿಲೆ ಬೆಳೆದು ನೋಡಿದ ಮೂಲ್ಕಿ, ಬಳಚಿಗೆ ಹೆಸರಾದ ಅಘನಾಶಿನಿ, ಈ ಎರಡು ಅಳಿವೆಗಳು ಸಾಕು. ಪ್ರತಿ ತಿಂಗಳು ನಿಗದಿತ ಜಾಗಗಳಿಂದ ಮಾಂಸದ ಮಾದರಿ, ಕೊಯ್ಲಿನ ತಿಂಗಳುಗಳಲ್ಲಿ ಪಾಚಿಯ ವಿಷಕ್ಕಾಗಿ ವಾರಕ್ಕೊಮ್ಮೆ, ಫಲಿತಾಂಶ ಮೀನು ಮಾರುಕಟ್ಟೆಯ ಗೋಡೆಯ ಮೇಲೆ ಕನ್ನಡದಲ್ಲಿ. ಮಿತಿ ಮೀರಿದ ದಿನ ಕೊಯ್ಲು ನಿಲ್ಲಿಸುವ ಅಧಿಕಾರ ಒಬ್ಬ ಅಧಿಕಾರಿಗೆ ಇರಬೇಕು, ನಿಲ್ಲಿಸಿದ ದಿನಗಳಿಗೆ ಬೆಳೆಗಾರರಿಗೆ ಪರಿಹಾರವೂ ಇರಬೇಕು. ಇಲ್ಲವಾದರೆ ಯಾರೂ ಸತ್ಯ ಹೇಳುವುದಿಲ್ಲ. ಒಂದೆರಡು ತಿಂಗಳ ಮಾದರಿಯಿಂದ ದರ್ಜೆ ಕೊಡಲು ಬರುವುದಿಲ್ಲ. ಬೇಸಿಗೆಯ ತಿಳಿನೀರಿನಲ್ಲಿ ಕಾಣದ ಕೊಳಚೆ ಮೊದಲ ಮಳೆಗೆ ನುಗ್ಗಿಬರುತ್ತದೆ, ಕೊನೆಯ ಕೊಯ್ಲು ಬೀಳುವುದೂ ಆ ಹೊತ್ತಿನ ಆಸುಪಾಸಿನಲ್ಲೇ. ಇಡೀ ವರ್ಷದ ಅಂಕಿಗಳು ಕೈಯಲ್ಲಿರಬೇಕು ಎಂದಾದರೆ ಮೊದಲ ಮಾದರಿ ಎತ್ತುವ ಕೆಲಸ ಮುಂದಿನ ಮರಿಬಿತ್ತನೆಗಿಂತ ಒಂದು ವರ್ಷ ಮೊದಲೇ ಆಗಬೇಕು.